ಕಲ್ಮಿಕರು ರಷ್ಯಾದ ಪ್ರಜೆಗಳಾಗಿದ್ದರೋ, ಬರೀ ಜೊತೆಗಾರರೋ? 1771ರಲ್ಲಿ ಯಾಕೆ ಎದ್ದು ಹೊರಟರು?

ತುಂಗಾ ಟೀಚರ್ ಕೇಳಿದ್ದು:

ನಾನು ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡುತ್ತೇನೆ. ಇದು ಸಿಲಬಸ್‌ನಲ್ಲಿ ಇಲ್ಲ, ನನ್ನ ಕುತೂಹಲಕ್ಕೆ ಕೇಳುತ್ತಿದ್ದೇನೆ. ರಷ್ಯಾದ ರಾಣಿ ಎರಡನೇ ಕ್ಯಾಥರೀನ್ ಬಗ್ಗೆ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. 1771ರ ಜನವರಿಯಲ್ಲಿ ವೋಲ್ಗಾ ಬಯಲಿನ ಕಲ್ಮಿಕರು ಲಕ್ಷಕ್ಕೂ ಹೆಚ್ಚು ಜನ ಡೇರೆ ಕಿತ್ತು, ಕುರಿ, ಕುದುರೆ, ಒಂಟೆ ಸಮೇತ ಚೀನಾ ಕಡೆ ಹೊರಟುಬಿಟ್ಟರಂತೆ. ಅರ್ಧದಷ್ಟು ಜನವೂ ತಲುಪಲಿಲ್ಲವಂತೆ. ಪುಸ್ತಕದಲ್ಲಿ ಅಷ್ಟೇ ಇದೆ, ಮುಂದಿನ ಸಾಲು ತುರ್ಕಿ ಯುದ್ಧಕ್ಕೆ ಹೋಗಿಬಿಡುತ್ತದೆ.

ಹುಡುಕಿದಷ್ಟೂ ಗೊಂದಲ ಜಾಸ್ತಿ ಆಯಿತು. ಒಂದು ಕಡೆ, ಕಲ್ಮಿಕರು 1655ರಲ್ಲೇ ತ್ಸಾರನಿಗೆ ನಿಷ್ಠೆಯ ಪ್ರಮಾಣ ಮಾಡಿದರು ಅಂತ ಇದೆ. ಇನ್ನೊಂದು ಕಡೆ, ಅವರ ಅಯೂಕಾ ಖಾನ್ ದಲೈ ಲಾಮಾರಿಂದ ಖಾನ್ ಪದವಿ ಪಡೆದ, ಚೀನಾದ ಚಕ್ರವರ್ತಿ ಅವನ ಬಳಿಗೇ ರಾಯಭಾರಿಗಳನ್ನು ಕಳಿಸಿದ ಅಂತ ಇದೆ. ಪ್ರಜೆ ಆದವನು ಹೀಗೆಲ್ಲ ಮಾಡುತ್ತಾನಾ? ಯುದ್ಧದಲ್ಲಿ ಸೋತು ವಶವಾದ ಹಾಗೂ ಕಾಣುವುದಿಲ್ಲ. ಹಾಗಾದರೆ ನಡುವೆ ಏನಾಯಿತು? ಗೊತ್ತಿರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ಕಂಬಳಿ ಡಾಕ್ಟರ್:

ಮೇಡಂ, ಈ ವಿಷಯ ಬಂದರೆ ನನಗೆ ಬಾಯಿ ನಿಲ್ಲುವುದಿಲ್ಲ. ಉದ್ದ ಆಗುತ್ತದೆ, ಬೇಜಾರಾದರೆ ಅರ್ಧಕ್ಕೇ ಬಿಡಿ.

ನಾನು ಎಂಬಿಬಿಎಸ್ ಓದಿದ್ದು ಅಸ್ತ್ರಖಾನ್‌ನಲ್ಲಿ, ವೋಲ್ಗಾ ನದಿ ಕ್ಯಾಸ್ಪಿಯನ್ ಸಮುದ್ರ ಸೇರುವ ಕಡೆ. ಕ್ಲಾಸಿನಲ್ಲಿ ಕಲ್ಮಿಕ್ ಹುಡುಗರು, ಹುಡುಗಿಯರು ಇದ್ದರು. ರಜೆಯಲ್ಲಿ ಅವರ ಜೊತೆ ಬಸ್ಸಿನಲ್ಲಿ ರಷ್ಯಾದ ಕಲ್ಮಿಕಿಯಾ ಗಣರಾಜ್ಯದ ರಾಜಧಾನಿ ಎಲಿಸ್ತಾಗೆ ಹೋಗಿದ್ದುಂಟು, ಅವರ ಮನೆಗಳಲ್ಲಿ ಉಪ್ಪು, ಬೆಣ್ಣೆ ಹಾಕಿದ ಹಾಲಿನ ಚಹಾ ಕುಡಿದಿದ್ದುಂಟು. ಮೊದಲ ಗುಟುಕು ಕಷ್ಟ, ಆಮೇಲೆ ಬಿಡಲು ಕಷ್ಟ. ಇನ್ನು ನಮ್ಮದು ರಾಣೆಬೆನ್ನೂರು ಕಡೆಯ ಕುರಿ ಕಾಯುವ ಮನೆತನ. ಅದಕ್ಕೇ ಇರಬೇಕು, ಇತಿಹಾಸ ಓದಿದವರು ಖಾನ್, ತ್ಸಾರ್, ಒಪ್ಪಂದ ಅಂತ ನೋಡುವ ಕಡೆ ನನಗೆ ಮೊದಲು ಕಾಣುವುದು ಹುಲ್ಲು.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ರಷ್ಯಾ ಕಲ್ಮಿಕರನ್ನು ಯುದ್ಧ ಮಾಡಿ ಗೆಲ್ಲಲಿಲ್ಲ. ಮೊದಲು ಅವರ ಬೇಸಿಗೆಯ ಮೇವನ್ನು ಕಿತ್ತುಕೊಂಡಿತು, ಆಮೇಲೆ ಅವರ ಖಾನನನ್ನು.

ಇವರು ಮೂಲದಲ್ಲಿ ಪಶ್ಚಿಮದ ಮಂಗೋಲರು, ಓಯಿರಾತರು. ಇವತ್ತಿನ ಚೀನಾದ ಶಿನ್‌ಜಿಯಾಂಗ್‌ನ ಉತ್ತರ ಭಾಗವಾದ ಜುಂಗಾರಿಯಾ ಅವರ ನೆಲ. ಅಲ್ಲಿ ಮೇವಿಗಾಗಿ, ಅಧಿಕಾರಕ್ಕಾಗಿ ಜಗಳ ಹೆಚ್ಚಾಗಿ 1600ರ ನಂತರ ಕೆಲವು ಕುಲಗಳು ಪಶ್ಚಿಮಕ್ಕೆ ಸರಿಯುತ್ತಾ ಹೋದವು. ತೊರ್ಗುತ್ ಕುಲದ ಖೋ ಓರ್ಲುಕ್ ಮುಂದಾಳು. 1630ರ ದಶಕದ ಹೊತ್ತಿಗೆ ವೋಲ್ಗಾದ ಕೆಳಬಯಲಿಗೆ ಬಂದು, ಅಲ್ಲಿದ್ದ ನೊಗಾಯ್ ಜನರನ್ನು ಓಡಿಸಿ ಕೂತರು. ಪಾಪದ ಕುರಿಗಾಹಿಗಳು ಅಂತ ಮರುಗುವವರಿಗೆ ಇದನ್ನು ನೆನಪಿಸುತ್ತೇನೆ. ಬರುವಾಗ ಅವರೂ ಇನ್ನೊಬ್ಬರ ಹುಲ್ಲನ್ನೇ ಕಿತ್ತುಕೊಂಡವರು.

ಈಗ ಹುಲ್ಲಿನ ಲೆಕ್ಕ. ಚಳಿಗಾಲಕ್ಕೆ ಹಿಂಡುಗಳು ದಕ್ಷಿಣಕ್ಕೆ, ಕ್ಯಾಸ್ಪಿಯನ್ ದಂಡೆಯ ಜೊಂಡಿನ ಜಾಗಕ್ಕೆ, ಕೂಮಾ ನದಿಯ ಕಡೆಗೆ ಇಳಿಯುತ್ತಿದ್ದವು. ಆ ಕಡೆ ‘ಕಪ್ಪು ನೆಲ’ ಅಂತಲೇ ಕರೆಯುವ ದೊಡ್ಡ ಬಯಲಿದೆ. ಹಿಮ ತೆಳ್ಳಗೆ ಬೀಳುತ್ತದೆ, ಗಾಳಿಗೆ ಹಾರಿಹೋಗುತ್ತದೆ. ಹಾಗಾಗಿ ನಡುಚಳಿಯಲ್ಲೂ ಕುರಿ ಮೇಯಬಹುದು. ಆದರೆ ಬೇಸಿಗೆಗೆ ಆ ನೆಲ ಸುಟ್ಟ ಹಪ್ಪಳ. ಜೂನ್ ಕೊನೆಗೆ ಹಸಿರು ಅನ್ನುವುದು ಕಾಣುವುದಿಲ್ಲ, ನಾನೇ ನೋಡಿದ್ದೇನೆ. ಆಗ ಹಿಂಡು ಉತ್ತರಕ್ಕೆ ಏರಲೇಬೇಕು. ತ್ಸಾರಿತ್ಸಿನ್, ಸರಾತೋವ್, ಅದಕ್ಕೂ ಮೇಲೆ ಸಮಾರಾ ಕಡೆಗೆ. ಅಂದರೆ ನೂರಾರು ಕಿಲೋಮೀಟರ್ ಉದ್ದದ ಪಟ್ಟಿ. ಇದರ ಮೇಲ್ತುದಿ ಮುಚ್ಚಿದರೆ ಕೆಳತುದಿಯೂ ಹಾಳು. ಯಾಕೆಂದರೆ ಬೇಸಿಗೆಯಲ್ಲಿ ಮೇಲೆ ಹೋಗಲಾಗದ ಹಿಂಡು ಚಳಿಗಾಲಕ್ಕೆ ಉಳಿಸಿಟ್ಟ ಹುಲ್ಲನ್ನು ಆಗಲೇ ತಿಂದು ಮುಗಿಸುತ್ತದೆ. ಇದು ಯಾವ ಒಪ್ಪಂದದ ಕಾಗದದಲ್ಲೂ ಕಾಣುವುದಿಲ್ಲ.

ಇನ್ನು ನಿಮ್ಮ ಪ್ರಮಾಣದ ಪ್ರಶ್ನೆ. 1655, 1657, 1661, ಹೀಗೆ ಬೇರೆ ಬೇರೆ ವರ್ಷ ಪ್ರಮಾಣಪತ್ರಗಳಾದವು. ಒಂದೇ ಸಲ ಶರಣಾಗಿದ್ದರೆ ಮತ್ತೆ ಮತ್ತೆ ಯಾಕೆ ಬರೆಸಿಕೊಳ್ಳಬೇಕಿತ್ತು ಹೇಳಿ? ಕಾಗದ ಬರೆದವರು ಮಾಸ್ಕೋದ ಗುಮಾಸ್ತರು. ಅವರಿಗೆ ತ್ಸಾರ್ ಜೊತೆ ಮಾತಾಡುವ ಬೇರೆಯವರೆಲ್ಲ ‘ಸೇವಕರು’, ಹಾಗೇ ಬರೆದರು. ಕಲ್ಮಿಕ್ ಮುಖಂಡರ ಲೆಕ್ಕ ಬೇರೆ. ನಾವು ಕ್ರೈಮಿಯಾದ ಖಾನನ ಮೇಲೆ ದಾಳಿ ಮಾಡುತ್ತೇವೆ, ನೀವು ಹಣ, ಬಟ್ಟೆ ಕೊಡಿ, ಅಸ್ತ್ರಖಾನ್ ಪೇಟೆಯಲ್ಲಿ ಸುಂಕ ಇಲ್ಲದೆ ಕುದುರೆ ಮಾರಲು ಬಿಡಿ. ಇಬ್ಬರಿಗೂ ಇನ್ನೊಬ್ಬರ ಅಗತ್ಯ ಇತ್ತು, ಅದಕ್ಕೇ ಕಾಗದದಲ್ಲಿ ಏನಿದೆ ಅಂತ ಇಬ್ಬರೂ ಜಾಸ್ತಿ ಕೆದಕಲಿಲ್ಲ.

ಖೋ ಓರ್ಲುಕ್‌ನ ಮರಿಮಗ ಅಯೂಕಾ. ಸುಮಾರು 50 ವರ್ಷ ಆಳಿದ, 1724ರಲ್ಲಿ ತೀರಿಕೊಂಡ. 1697ರಲ್ಲಿ ಪೀಟರ್ ದೊರೆ ಯುರೋಪ್ ಪ್ರವಾಸಕ್ಕೆ ಹೊರಟಾಗ ಬೋರಿಸ್ ಗೊಲಿತ್ಸಿನ್ ಎಂಬ ಶ್ರೀಮಂತ ಅಯೂಕಾ ಜೊತೆ ಒಂದು ಒಪ್ಪಂದ ಮಾಡಿಕೊಂಡ. ಅದನ್ನು ಓದಿದರೆ ನಗು ಬರುತ್ತದೆ. ಬಹುಪಾಲು ರಷ್ಯಾ ಏನು ಮಾಡಬೇಕು ಅಂತಲೇ ಇದೆ. ಮದ್ದುಗುಂಡು ಕೊಡಬೇಕು, ಕೇಳಿದಾಗ ಫಿರಂಗಿ ಕಳಿಸಬೇಕು, ಓಡಿಬಂದ ಕಲ್ಮಿಕರನ್ನು ಖಾನನ ಒಪ್ಪಿಗೆ ಇಲ್ಲದೆ ಕ್ರೈಸ್ತರನ್ನಾಗಿ ಮಾಡಬಾರದು. ಪ್ರಜೆ ಜೊತೆ ಯಾವ ರಾಜ ಹೀಗೆ ಬರೆದುಕೊಳ್ಳುತ್ತಾನೆ? ಚೀನಾದಿಂದ ಕಾಂಗ್‌ಶಿ ಚಕ್ರವರ್ತಿಯ ರಾಯಭಾರಿಗಳು ಸೈಬೀರಿಯಾ ದಾಟಿ 1714ರಲ್ಲಿ ಅಯೂಕಾನ ಡೇರೆಗೆ ಬಂದರು. ದಾರಿ ಕೊಟ್ಟಿದ್ದು ರಷ್ಯಾವೇ.

ನನಗೆ ತುಂಬಾ ಇಷ್ಟವಾದ ಪ್ರಸಂಗ ಅದರ ಮುಂದಿನ ವರ್ಷದ್ದು. 1715ರಲ್ಲಿ ಕೂಬಾನ್ ಕಡೆಯ, ಕ್ರೈಮಿಯಾ ಖಾನರ ವಂಶದ ಬಖ್ತಿ ಗಿರೇ ದಂಡೆತ್ತಿ ಬಂದು ಅಸ್ತ್ರಖಾನ್ ಹತ್ತಿರವೇ ಅಯೂಕಾನ ಬಿಡಾರ ದೋಚಿದ. ಪಕ್ಕದಲ್ಲೇ ರಷ್ಯಾದ ಸೈನ್ಯ ಇತ್ತು, ದಂಡನಾಯಕ ಬೆಕೋವಿಚ್ ಚೆರ್ಕಾಸ್ಕಿ. ಅಯೂಕಾ ಗುಂಡು ಹಾರಿಸಿ ಅಂತ ಕೇಳಿದ. ತ್ಸಾರ್ ಅಪ್ಪಣೆ ಇಲ್ಲ ಅಂತ ಆತ ಸುಮ್ನೆ ನಿಂತ. 1717ರಲ್ಲಿ ಅದೇ ಬಖ್ತಿ ಗಿರೇ ರಷ್ಯಾದ ಪೆಂಜಾ, ಸರಾತೋವ್ ಕಡೆ ನುಗ್ಗಿ ಸಾವಿರಾರು ಜನರನ್ನು ಸೆರೆ ಎಳೆದುಕೊಂಡು ಹೋದ. ಅಧಿಕಾರಿಗಳು ಅಯೂಕಾನ ಕೈಕಾಲು ಹಿಡಿದರು. ನನಗೂ ತ್ಸಾರ್ ಅಪ್ಪಣೆ ಬಂದಿಲ್ಲವಲ್ಲ ಅಂದ ಮುದುಕ! ಅದೇ ವರ್ಷ ಬೆಕೋವಿಚ್ ದಂಡು ಕಟ್ಟಿಕೊಂಡು ಮಧ್ಯ ಏಷ್ಯಾದ ಖೀವಾ ಕಡೆ ಹೊರಟ. ಅಯೂಕಾ ಖೀವಾದ ಖಾನನಿಗೆ ಮೊದಲೇ ಸುದ್ದಿ ಮುಟ್ಟಿಸಿದ ಅಂತ ಹೇಳುತ್ತಾರೆ. ಬೆಕೋವಿಚ್ ವಾಪಸ್ ಬರಲಿಲ್ಲ, ಅವನ ತಲೆ ಹೋಯಿತು.

ಇಷ್ಟಾದರೂ 1722ರಲ್ಲಿ ಪೀಟರ್ ಪರ್ಷಿಯಾ ದಂಡಯಾತ್ರೆಗೆ ವೋಲ್ಗಾದಲ್ಲಿ ದೋಣಿಯಲ್ಲಿ ಇಳಿಯುವಾಗ ಸರಾತೋವ್ ಹತ್ತಿರ ಅಯೂಕಾನನ್ನು ಗೌರವದಿಂದ ಬರಮಾಡಿಕೊಂಡ. ಪೀಟರ್‌ನ ರಾಣಿಯು ಅಯೂಕಾನ ಹೆಂಡತಿ ದರ್ಮಾ ಬಾಲಾಗೆ ವಜ್ರ ಕೂರಿಸಿದ ಚಿನ್ನದ ಗಡಿಯಾರ ಕೊಟ್ಟಳು. ಪೀಟರ್ 10,000 ಸವಾರರನ್ನು ಕೇಳಿದ. ಅಯೂಕಾ ಚೌಕಾಸಿ ಮಾಡಿ, 5,000 ಸಾಕು ಅಂದ. ಅಷ್ಟಕ್ಕೇ ಅಪ್ಪಣೆ ಕೊಟ್ಟ.

ಆದರೆ ಆ ಹೊತ್ತಿಗೆ ಉತ್ತರದಲ್ಲಿ ಗೋಡೆ ಎದ್ದಿತ್ತು. 1717ರ ಕೂಬಾನ್ ದಾಳಿಯ ನೆಪದಲ್ಲಿ 1718ರಿಂದ ವೋಲ್ಗಾಕ್ಕೂ ದೋನ್ ನದಿಗೂ ನಡುವೆ ಸುಮಾರು 60 ಕಿಲೋಮೀಟರ್ ಉದ್ದ ಮಣ್ಣಿನ ದಿಬ್ಬ, ಕಂದಕ, ನಡುನಡುವೆ ಕೋಟೆ ಕಟ್ಟಿದರು. ತ್ಸಾರಿತ್ಸಿನ್ ರೇಖೆ. ದಾಳಿಕೋರರನ್ನು ತಡೆಯಲು ಅಂತ ಹೇಳಿದರು, ಅದು ಸುಳ್ಳಲ್ಲ. ಆದರೆ ಕುರಿ ಹಿಂಡನ್ನೂ ಅದು ತಡೆಯಿತು. ಇನ್ನು ಮೇಲೆ ನದಿಗಳ ನಡುವೆ ಉತ್ತರಕ್ಕೆ ದಾಟಬೇಕಾದರೆ ಕೋಟೆಯವನನ್ನು ಕೇಳಬೇಕು.

ಊಟಕ್ಕೆ ಕರೆಯುತ್ತಿದ್ದಾರೆ, ಉಳಿದದ್ದು ಆಮೇಲೆ.

ಕಂಬಳಿ ಡಾಕ್ಟರ್:

ಬಂದೆ. ಖಾನನನ್ನು ಹೇಗೆ ಕಿತ್ತುಕೊಂಡರು ಅನ್ನುವುದು ಬಾಕಿ ಇದೆ.

ಅಯೂಕಾ ಸತ್ತ ಮೇಲೆ ಮಕ್ಕಳು, ಮೊಮ್ಮಕ್ಕಳ ನಡುವೆ ಕಿತ್ತಾಟ. ಅಸ್ತ್ರಖಾನ್ ಗವರ್ನರ್ ವೊಲಿನ್‌ಸ್ಕಿಗೆ ಬೇಕಾಗಿದ್ದೂ ಅದೇ. ತ್ಸೆರೆನ್ ದೊಂಡುಕ್ ಎಂಬ ಮೆತ್ತಗಿನ ಮಗನನ್ನು ಹಿಡಿದು ಕೂರಿಸಿದರು. ಅವನಿಗೆ ಕೊಟ್ಟಿದ್ದು ಖಾನ್ ಪದವಿಯಲ್ಲ, ‘ಖಾನನ ಸ್ಥಾನದಲ್ಲಿ ನೋಡಿಕೊಳ್ಳುವವನು’ ಅನ್ನುವ ನೌಕರಿ. ಅಲ್ಲಿಂದ ಮುಂದೆ ಯಾರು ಖಾನ್ ಅನ್ನುವುದನ್ನು ಪೀಟರ್ಸ್‌ಬರ್ಗ್ ಹೇಳಬೇಕು. ಯುದ್ಧ ಬಂದಾಗ ಮಾತ್ರ ಗಟ್ಟಿಗ ಬೇಕು. ದೊಂಡುಕ್ ಓಂಬೋ ಜಗಳವಾಡಿ ಕೂಬಾನ್ ಕಡೆ, ಅಂದರೆ ತುರ್ಕರ ಕಡೆ ಹೋಗಿ ಕೂತಿದ್ದ. 1735ರಲ್ಲಿ ತುರ್ಕಿ ಯುದ್ಧ ಶುರುವಾಗುವ ಹೊತ್ತಿಗೆ ಅವನನ್ನೇ ಪುಸಲಾಯಿಸಿ ಕರೆದು ಪಟ್ಟ ಕೊಟ್ಟರು! ಅವನ ನಂತರದ ದೊಂಡುಕ್ ದಾಶಿ ಮಗನನ್ನು ಒತ್ತೆ ಇಡಬೇಕಾಯಿತು. ಆ ಹುಡುಗ ಒತ್ತೆಯಲ್ಲೇ ಸತ್ತ. ಅಯೂಕಾನ ಕಾಲದಲ್ಲಿ ಇಂಥದ್ದನ್ನು ಕೇಳುವ ಧೈರ್ಯ ಯಾರಿಗಿತ್ತು?

ಇದರ ಜೊತೆಗೆ ಬ್ಯಾಪ್ಟಿಸಂ ವಿಷಯ. ಯಜಮಾನನ ಕಾಟಕ್ಕೋ, ಸಾಲಕ್ಕೋ, ಹಸಿವಿಗೋ ಓಡಿಹೋದ ಕಲ್ಮಿಕ, ಕ್ರೈಸ್ತನಾದರೆ ಮತ್ತೆ ಒಪ್ಪಿಸುತ್ತಿರಲಿಲ್ಲ. ಖಾನರು ಪದೇ ಪದೇ ದೂರಿದ್ದು ಇದನ್ನೇ. ಅಯೂಕಾನ ಮೊಮ್ಮಗನೊಬ್ಬ 1724ರಲ್ಲಿ ದೀಕ್ಷೆ ತಗೊಂಡ. ಸ್ವತಃ ಪೀಟರ್ ದೊರೆ ಅವನ ಧರ್ಮಪಿತ. ಹೊಸ ಕ್ರೈಸ್ತರನ್ನು ಅವರ ಜನರಿಂದ ದೂರ ಇಡಬೇಕು ಅಂತ 1737ರಲ್ಲಿ ಉತ್ತರದಲ್ಲಿ, ವೋಲ್ಗಾ ದಂಡೆಯಲ್ಲೇ, ಸ್ತಾವ್ರೊಪೋಲ್ ಎಂಬ ಕೋಟೆ ಊರು ಕಟ್ಟಿದರು. ಇವತ್ತು ಅದೇ ತೊಲ್ಯಾತ್ತಿ, ಲಾಡಾ ಕಾರು ತಯಾರಾಗುವ ಊರು. ಕಾರ್ಖಾನೆ ಊರಿನ ಶುರುವಾತು ಹೀಗೆ ಅಂತ ಅಲ್ಲಿಯವರಿಗೇ ಎಷ್ಟು ಜನಕ್ಕೆ ನೆನಪಿದೆಯೋ.

1761ರಲ್ಲಿ ಹದಿಹರೆಯದ ಉಬಾಶಿ ಬಂದ. ಮರುವರ್ಷವೇ ಜರ್ಗೋವನ್ನು ಬದಲಿಸಿದರು. ಜರ್ಗೋ ಅಂದರೆ ಖಾನನ ಆಪ್ತರ ಕೂಟ, ನ್ಯಾಯ ಹೇಳುವವರೂ ಅವರೇ. ಇನ್ನು ಮೇಲೆ ಅದರ ಸದಸ್ಯರನ್ನು ಒಪ್ಪುವುದು ರಷ್ಯಾ ಸರ್ಕಾರ, ಸಂಬಳ ಕೊಡುವುದೂ ಅದೇ. ಉಬಾಶಿ ಕೈಯಲ್ಲಿ ಉಳಿದಿದ್ದು ಹೆಸರು. 1763ರಲ್ಲಿ ಕ್ಯಾಥರೀನ್ ಹೊರಗಿನವರಿಗೆ ಬಂದು ನೆಲೆಸಿ ಅಂತ ಕರೆ ಕೊಟ್ಟಳು. ಕೆಲವೇ ವರ್ಷಗಳಲ್ಲಿ ಸರಾತೋವ್ ಸುತ್ತ ನೂರಕ್ಕೂ ಹೆಚ್ಚು ಜರ್ಮನ್ ಊರುಗಳು ಹುಟ್ಟಿದವು. 1765ರಲ್ಲಿ ತ್ಸಾರಿತ್ಸಿನ್ ಕೆಳಗೆ ಸರೆಪ್ತಾ ಎಂಬ ಇನ್ನೊಂದು ಜರ್ಮನ್ ಊರು. ಅಲ್ಲಿಂದ ಅಸ್ತ್ರಖಾನ್‌ವರೆಗೆ ನದಿ ದಂಡೆಯಲ್ಲಿ ಕೊಸಾಕರ, ಅಂದರೆ ರಷ್ಯಾದ ಗಡಿ ಕಾಯುವ ಸವಾರರ, ಠಾಣೆಗಳು. ನೀರಿಗೆ ಇಳಿಯುವ ಜಾಗ, ಬೇಸಿಗೆ ಮೇವು, ಹುಲ್ಲು ಕೊಯ್ಯುವ ತಗ್ಗು, ಎಲ್ಲದಕ್ಕೂ ಈಗ ಒಬ್ಬೊಬ್ಬ ರೈತ ಮಾಲೀಕ. ಹಿಂಡು ಕಳಕೊಂಡವರು ಅಸ್ತ್ರಖಾನ್‌ನ ಮೀನಿನ ಬಲೆಗಳಲ್ಲಿ ಕೂಲಿಗೆ ನಿಂತರು.

ಅದೇ ಹೊತ್ತಿಗೆ 1768ರ ತುರ್ಕಿ ಯುದ್ಧ. ಮೊದಲು 20,000 ಸವಾರರು ಬೇಕು ಅಂದರು. ಅದು ಅರ್ಧಕ್ಕೆ ಇಳಿದರೂ ಹೊರೆಯೇ. ಗಂಡಸರು ಯುದ್ಧಕ್ಕೆ ಹೋದರೆ ಪೂರ್ವದ ಬಯಲಿನ ಅಲೆಮಾರಿ ಕಜಾಕರಿಂದ (ಇವರು ಕೊಸಾಕರಲ್ಲ) ಹಿಂಡು ಕಾಯುವವರು ಯಾರು? ಖಾನನ ಬಳಿ ಇದ್ದ ರಷ್ಯಾದ ಅಧಿಕಾರಿ ಕಿಶೆನ್‌ಸ್ಕಿಗೆ ಬಾಯಿ ಸರಿ ಇರಲಿಲ್ಲ. ಉಬಾಶಿಗೆ ಅವಮಾನ ಮಾಡಿದ ಕಥೆಗಳಿವೆ. ಇವರು ಹೊರಡುತ್ತಾರೆ ಅಂತ ಗವರ್ನರ್ ಬೆಕೆತೊವ್ ಎಚ್ಚರಿಸಿದರೂ ಕಿಶೆನ್‌ಸ್ಕಿ ನಂಬಲಿಲ್ಲ. 1771ರ ಜನವರಿ 5ರಂದು, ಹಳೆಯ ಪಂಚಾಂಗದ ಪ್ರಕಾರ, ಸುಮಾರು 30,000 ಡೇರೆಗಳು ಎದ್ದವು. ನಡುಚಳಿಯಲ್ಲಿ ಯಾಕೆ ಅಂದರೆ, ನದಿಗಳು ಹೆಪ್ಪುಗಟ್ಟಿರುತ್ತವೆ, ಒಂಟೆ ಬಂಡಿ ಯಾಯಿಕ್ (ಈಗಿನ ಉರಾಲ್ ನದಿ) ದಾಟಬಹುದು.

ಕೋರಮಂಗಲದ ಕೊಸಾಕ್:

ಡಾಕ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಎಲ್ಲವನ್ನೂ ಹುಲ್ಲಿಗೆ ಗಂಟು ಹಾಕಿದ್ದು ನನಗೆ ಒಪ್ಪಿಗೆ ಇಲ್ಲ. ಮೇವು 1720ರಿಂದಲೇ ಕಡಿಮೆ ಆಗುತ್ತಿತ್ತಲ್ವಾ? 50 ವರ್ಷ ಸುಮ್ಮನಿದ್ದು 1771ರಲ್ಲೇ ಯಾಕೆ ಹೊರಟರು? ಚೀನಾದ ಕಡೆ ಏನಾಗಿತ್ತು ನೋಡಿ. 1755ರಿಂದ 1758ರವರೆಗೆ ಅಲ್ಲಿನ ಚಿಂಗ್ ರಾಜವಂಶದ ಸೈನ್ಯ ಜುಂಗಾರ್ ರಾಜ್ಯವನ್ನು ಅಕ್ಷರಶಃ ಅಳಿಸಿಹಾಕಿತು. ಕತ್ತಿಗೆ ಸಿಕ್ಕವರು, ಸಿಡುಬಿಗೆ ಸಿಕ್ಕವರು, ಓಡಿಹೋದವರು. ಬಯಲು ಖಾಲಿ. ಅಲ್ಲಿಂದ ತಪ್ಪಿಸಿಕೊಂಡ ಶೆರೆಂಗ್ ಎಂಬ ಮುಖಂಡ ತನ್ನವರ ಜೊತೆ ವೋಲ್ಗಾಕ್ಕೆ ಬಂದ. ಪೂರ್ವಿಕರ ನೆಲ ಖಾಲಿ ಬಿದ್ದಿದೆ, ಬನ್ನಿ ಹೋಗೋಣ ಅಂತ ಕಿವಿಯೂದಿದ್ದು ಅವನೇ. ಜೊತೆಗೆ ತ್ಸೆಬೆಕ್ ದೋರ್ಜಿ. ಅವನು ದೊಂಡುಕ್ ಓಂಬೋನ ವಂಶದವನು, ಪಟ್ಟ ತನಗೆ ಬರಬೇಕಿತ್ತು ಅಂತ ಒಳಗೇ ಕುದಿಯುತ್ತಿದ್ದ. ಲಾಮಾಗಳೂ ದನಿಗೂಡಿಸಿದರು. ಹೋಗಲು ಒಂದು ಜಾಗ ಇದೆ ಅಂತ ಗೊತ್ತಾದ ಮೇಲೆ ತಾನೆ ಜನ ಎದ್ದಿದ್ದು?

ಇನ್ನೊಂದು ವಿಷಯ. ರಷ್ಯಾಕ್ಕೆ ಇವರ ಅಗತ್ಯ ಕಡಿಮೆ ಆಗಿತ್ತು. ಕ್ರೈಮಿಯಾ ದಾಳಿ ನಿಂತು, ತನ್ನದೇ ಡ್ರಾಗೂನ್ ಸೈನ್ಯ, ಕೊಸಾಕರು ಬೆಳೆದ ಮೇಲೆ ಅಲೆಮಾರಿ ಸವಾರರ ಮುಲಾಜು ಯಾರಿಗೆ? ಮುಲಾಜು ಹೋಗಿದ್ದೇ ಮೂಲ. ಜರ್ಮನ್ ಊರುಗಳು ಆಮೇಲಿನ ಮಾತು.

ಕಂಬಳಿ ಡಾಕ್ಟರ್:

ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ ಗುರುಗಳೇ. 1715ರಲ್ಲಿ ಅಯೂಕಾ ಮುನಿಸಿಕೊಂಡರೆ ಪೆಂಜಾ ಉರಿಯುತ್ತಿತ್ತು, 1770ರಲ್ಲಿ ಉಬಾಶಿ ಮುನಿಸಿಕೊಂಡರೆ ಯಾರೂ ಕೇಳುವವರಿಲ್ಲ. ಶೆರೆಂಗ್ ವಿಷಯವೂ ನಿಜ. ಆದರೆ ಖಾಲಿ ಬಯಲಿನ ಆಸೆ ಯಾರಿಗೆ ಹುಟ್ಟುತ್ತದೆ? ಬೇಸಿಗೆಯಲ್ಲಿ ಹಿಂಡು ಹಸಿದವನಿಗೆ. ಹೊಟ್ಟೆ ತುಂಬಿದವನಿಗೆ ಶೆರೆಂಗ್ ಏನು ಹೇಳಿದರೂ ಹತ್ತುತ್ತಿರಲಿಲ್ಲ. ಇಲ್ಲಿ ನಾನು ಜಾಗ ಬಿಡುವುದಿಲ್ಲ.

ದಾರಿಯ ಕಥೆ ಭಯಂಕರ. ಯಾಯಿಕ್ ನದಿ ದಾಟುವವರೆಗೆ ಎಲ್ಲ ಸಲೀಸು. ಬೆನ್ನಟ್ಟಲು ಸರ್ಕಾರ ಯಾಯಿಕ್ ಕೊಸಾಕರಿಗೆ ಅಪ್ಪಣೆ ಮಾಡಿತು. ಅವರು ಹೋಗುವುದಿಲ್ಲ ಅಂದರು. ಅವರಿಗೂ ಸಂಬಳ, ಹಕ್ಕು ಅಂತ ಸರ್ಕಾರದ ಜೊತೆ ಜಗಳ ಇತ್ತು. ವಿಚಾರಣೆಗೆ ಬಂದ ಜನರಲ್ ತ್ರೌಬೆನ್‌ಬೆರ್ಗ್‌ನನ್ನು 1772ರ ಜನವರಿಯಲ್ಲಿ ಕೊಸಾಕರು ಕೊಂದೇ ಹಾಕಿದರು. ಆ ಬಂಡಾಯದ ಕಿಡಿಯೇ ಮರುವರ್ಷ ಪುಗಚೋವ್ ದಂಗೆಯಾಗಿ ಹೊತ್ತಿಕೊಂಡಿತು. ಕ್ಯಾಥರೀನಳ ಸಿಂಹಾಸನ ಅಲ್ಲಾಡಿಸಿದ ದಂಗೆಗೂ ಈ ಕಲ್ಮಿಕ್ ಹೊರಡುವಿಕೆಗೂ ಇಷ್ಟು ಹತ್ತಿರದ ನಂಟಿದೆ. ಮೇಡಂ, ಇದನ್ನು ಮಕ್ಕಳಿಗೆ ಖಂಡಿತ ಹೇಳಿ.

ಸೈನ್ಯ ಹಿಡಿಯಲಾಗದ್ದನ್ನು ಕಜಾಕರು ಹಿಡಿದರು. ನೂರಲಿ ಖಾನ್ ಒಂದು ಕಡೆ, ಅಬ್ಲಾಯ್ ಇನ್ನೊಂದು ಕಡೆ. ಹಳೆಯ ವೈರ ಬೇರೆ, ಎದುರಿಗೆ ಇಷ್ಟೊಂದು ಹಿಂಡು ಬೇರೆ, ಬಿಡುತ್ತಾರಾ? ವಸಂತದಲ್ಲಿ ಹಿಮ ಕರಗಿ ಕೆಸರು, ಮೇವು ಇನ್ನೂ ಚಿಗುರಿಲ್ಲ, ಕುರಿ ಮರಿ ಹಾಕುವ ಕಾಲ. ಕುರಿ ಸಾಕಿದವರಿಗೆ ಗೊತ್ತು, ಮರಿ ಹಾಕುವ ಹಿಂಡನ್ನು ಓಡಿಸುವುದು ಅಂದರೆ ಕೈಯಾರೆ ಕೊಲ್ಲುವುದು. ಬಲ್ಖಾಶ್ ಸರೋವರದ ಹತ್ತಿರ ಕಜಾಕರು ಸುತ್ತುಗಟ್ಟಿದರು. ಕಲ್ಮಿಕರು ಮಾತುಕತೆ ಅಂತ ಕೆಲವು ದಿನ ತಳ್ಳಿ, ರಾತ್ರಿ ಆ ಸುತ್ತು ಮುರಿದು ನುಗ್ಗಿದರು. ಆಮೇಲೆ ನೀರಿಲ್ಲದ ದಾರಿ. ಹೊರಟವರು ಒಂದೂವರೆ ಲಕ್ಷಕ್ಕೂ ಹೆಚ್ಚು, ಆ ಬೇಸಿಗೆಯಲ್ಲಿ ಇಲಿ ನದಿ ಮುಟ್ಟಿದವರು 70,000ದ ಆಸುಪಾಸು. ಉಳಿದವರೆಲ್ಲ ಸತ್ತವರಲ್ಲ. ಎಷ್ಟೋ ಜನ ಕಜಾಕರ ಸೆರೆಯಾಳಾದರು.

ಚೀನಾದ ಚಿಯೆನ್‌ಲೊಂಗ್ ಚಕ್ರವರ್ತಿಗೆ ಮೊದಲು ಅನುಮಾನ. ಶೆರೆಂಗ್ ಹಿಂದೆ ಚಿಂಗ್ ಅಧಿಕಾರಿಯೊಬ್ಬನನ್ನು ಕೊಂದು ಓಡಿಹೋದವನು. ಕೊನೆಗೆ ಒಪ್ಪಿಕೊಂಡ. ಕುರಿ, ಚಹಾ, ಧಾನ್ಯ, ಬಟ್ಟೆ, ಡೇರೆ ಕೊಡಿಸಿದ. ಉಬಾಶಿಯನ್ನು ಚೆಂಗ್‌ಡೆಯ ಬೇಸಿಗೆ ಅರಮನೆಗೆ ಕರೆಸಿ ಉಪಚಾರ ಮಾಡಿದ. ಇವರು ತಾವಾಗಿ ಬಂದು ಸೇರಿದರು ಅಂತ ನಾಲ್ಕು ಭಾಷೆಗಳಲ್ಲಿ ಕಲ್ಲಿನಲ್ಲಿ ಕೆತ್ತಿಸಿದ, ಅಲ್ಲಿನ ದೇವಸ್ಥಾನದಲ್ಲಿ ಈಗಲೂ ಇದೆ. ಕ್ಯಾಥರೀನ್ ನಮ್ಮ ಪ್ರಜೆಗಳನ್ನು ವಾಪಸ್ ಕಳಿಸಿ ಅಂತ ಕೇಳಿದಳು, ಕಳಿಸಲಿಲ್ಲ. ಆಮೇಲೆ ಚಿಂಗ್ ಮಾಡಿದ್ದೇನು? ಇವರನ್ನು ತುಂಡು ತುಂಡು ಮಾಡಿ, ಒಬ್ಬೊಬ್ಬ ಮುಖಂಡನಿಗೆ ಒಂದೊಂದು ಗಡಿ ಹಾಕಿ, ದೂರ ದೂರ ಕೂರಿಸಿತು. ಗಡಿ ದಾಟಿ ಮೇಯಿಸುವಂತಿಲ್ಲ. ಉಬಾಶಿ ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಅವರ ವಂಶದವರು ಇವತ್ತಿಗೂ ಶಿನ್‌ಜಿಯಾಂಗ್‌ನ ಬಾಯಿನ್‌ಗೋಲ್ ಕಡೆ ಇದ್ದಾರೆ.

ಮುಂಡಗೋಡ ಮಂದಿ:

ನಾನು ಇತಿಹಾಸ ಓದಿದವನಲ್ಲ, ಟಿಬೆಟಿಯನ್ ಕ್ಯಾಂಪ್ ಕಡೆ ಹೋಗುವ ರಸ್ತೆಯಲ್ಲಿ ಅಂಗಡಿ ಇದೆ. ಕಲ್ಮಿಕ್ ಅಂತ ಹೆಡ್ಡಿಂಗ್ ನೋಡಿ ಬಂದೆ. ನಮ್ಮ ಮುಂಡಗೋಡದ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಕಲ್ಮಿಕಿಯಾದ ಹುಡುಗರು ಓದುತ್ತಾರೆ. ಮೊದಲು ನಾನೂ ಟಿಬೆಟ್‌ನವರೇ ಅಂದುಕೊಳ್ಳುತ್ತಿದ್ದೆ. ಅವರವರಲ್ಲೇ ರಷ್ಯನ್ ಮಾತಾಡುವುದು ಕೇಳಿ ಆಶ್ಚರ್ಯ ಆಗಿ ವಿಚಾರಿಸಿದೆ. ಗೋಮಾಂಗ್ ಲಾಸಾದಲ್ಲಿದ್ದಾಗಿನಿಂದಲೂ ಮಂಗೋಲರು, ಬುರ್ಯಾತರು, ಕಲ್ಮಿಕರು ಅಲ್ಲಿಗೇ ಬರುವುದು ರೂಢಿ ಅಂತೆ. ಈಗ ಮಠ ಇಲ್ಲಿದೆ, ಹಾಗಾಗಿ ಇಲ್ಲಿಗೆ ಬರುತ್ತಾರೆ. ತೆಲೋ ತುಲ್ಕು ರಿನ್‌ಪೋಚೆ ಚಿಕ್ಕವರಿದ್ದಾಗ ಓದಿದ್ದು ಇಲ್ಲೇ. ಹುಟ್ಟಿದ್ದು ಅಮೆರಿಕದ ಫಿಲಡೆಲ್ಫಿಯಾದ ಕಲ್ಮಿಕ್ ಮನೆಯಲ್ಲಿ. 1992ರಿಂದ ಕಲ್ಮಿಕಿಯಾದ ಪ್ರಧಾನ ಲಾಮಾ ಆಗಿದ್ದರು. ಉಕ್ರೇನ್ ಯುದ್ಧ ತಪ್ಪು ಅಂತ ಹೇಳಿದ್ದಕ್ಕೆ 2023ರ ಜನವರಿಯಲ್ಲಿ ರಷ್ಯಾ ಸರ್ಕಾರ ಅವರನ್ನು ‘ವಿದೇಶಿ ಏಜೆಂಟ್’ ಪಟ್ಟಿಗೆ ಸೇರಿಸಿತು. ಅವರು ಸ್ಥಾನ ಬಿಟ್ಟರು.

ಡಾಕ್ಟ್ರೇ, ಆ ಉಪ್ಪಿನ ಚಹಾ ನಮ್ಮಲ್ಲೂ ಸಿಗುತ್ತದೆ, ಕ್ಯಾಂಪಿನಲ್ಲಿ. ಬಂದರೆ ಹೇಳಿ.

ತುಂಗಾ ಟೀಚರ್:

ಎಲ್ಲರಿಗೂ ಧನ್ಯವಾದ. ನನ್ನ ಪುಸ್ತಕದ ಒಂದು ಸಾಲಿನ ಹಿಂದೆ ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಡಾಕ್ಟರ್ ಮತ್ತು ಕೊಸಾಕ್ ಸರ್ ಜಗಳದಲ್ಲಿ ನಾನು ಸದ್ಯಕ್ಕೆ ಕೊಸಾಕ್ ಸರ್ ಕಡೆ. ಮುಲಾಜು ಇದ್ದಿದ್ದರೆ ಹುಲ್ಲನ್ನು ಕೇಳಿ ಪಡೆಯಬಹುದಿತ್ತು ಅನಿಸುತ್ತದೆ.

ಇನ್ನೆರಡು ಪ್ರಶ್ನೆ. ಎಲ್ಲರೂ ಹೊರಟಿದ್ದರೆ ಈಗಿನ ಕಲ್ಮಿಕಿಯಾದಲ್ಲಿರುವವರು ಯಾರು? ವೋಲ್ಗಾ ಹೆಪ್ಪುಗಟ್ಟದೆ ಒಂದು ದಂಡೆಯವರು ಉಳಿದರು ಅಂತ ಓದಿದೆ, ನಿಜವಾ? ಮತ್ತೆ ಬೋರ್ಡ್ ಮೇಲೆ ಆ ಗೋಡೆಯನ್ನು ಎಲ್ಲಿ ಬರೆಯಲಿ?

ಕಂಬಳಿ ಡಾಕ್ಟರ್:

ಕೊಸಾಕ್ ಕಡೆ ಸೇರಿದ್ದಕ್ಕೆ ನಿಮ್ಮ ಮೇಲೆ ಕೋಪ ಇಲ್ಲ ಮೇಡಂ, ಸ್ವಲ್ಪ ಬೇಜಾರು ಅಷ್ಟೇ.

ಬಲದಂಡೆಯಲ್ಲಿ, ಅಂದರೆ ಪಶ್ಚಿಮ ದಂಡೆಯಲ್ಲಿ, 11,000ದಿಂದ 13,000 ಡೇರೆ ಉಳಿದವು. ಇವತ್ತಿನ ಕಲ್ಮಿಕರು ಬಹುಪಾಲು ಅವರ ಮಕ್ಕಳು, ಮೊಮ್ಮಕ್ಕಳು. ಆ ವರ್ಷ ನದಿ ಗಟ್ಟಿಯಾಗಿ ಹೆಪ್ಪುಗಟ್ಟಲಿಲ್ಲ, ಅದಕ್ಕೆ ದಾಟಲಾಗಲಿಲ್ಲ ಅಂತ ಕಥೆ. ಎಲಿಸ್ತಾದಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅರ್ಧ ನಿಜ ಇರಬಹುದು. ಆದರೆ ಉಳಿದವರಲ್ಲಿ ಡೆರ್ಬೆತ್ ಕುಲದವರು ಜಾಸ್ತಿ. ಅವರಿಗೂ ತೊರ್ಗುತರಿಗೂ ಹಳೆಯ ಮೇವಿನ ಜಗಳ. ಇಷ್ಟು ದೊಡ್ಡ ಗುಟ್ಟನ್ನು ಉಬಾಶಿ ಅವರ ಕಿವಿಗೆ ಹಾಕಿದ್ದನೇ, ಹಾಕಿದ್ದರೂ ಅವರು ಹೊರಡುತ್ತಿದ್ದರೇ ಅನ್ನುವುದು ನನ್ನ ಅನುಮಾನ. ನದಿಯ ಮೇಲೆ ಹೊರಿಸಿದರೆ ಯಾರಿಗೂ ನೋವಿಲ್ಲ.

ಉಳಿದವರಿಗೆ ಶಿಕ್ಷೆ ಬೇಗ ಬಂತು. 1771ರ ಅಕ್ಟೋಬರ್‌ನಲ್ಲಿ ಕ್ಯಾಥರೀನ್ ಖಾನ್ ಪದವಿಯನ್ನೇ ರದ್ದು ಮಾಡಿ ಎಲ್ಲರನ್ನೂ ಅಸ್ತ್ರಖಾನ್ ಗವರ್ನರ್ ಕೈಗೆ ಕೊಟ್ಟಳು. ಮುಂದೆ ನೆಪೋಲಿಯನ್ ಯುದ್ಧದಲ್ಲಿ ಕಲ್ಮಿಕ್ ಸವಾರರು ಪ್ಯಾರಿಸ್‌ವರೆಗೆ ಹೋದರು, ಆ ನೆನಪಿಗೆ ಕಟ್ಟಿದ ಖೋಶೆಉತ್ ದೇವಸ್ಥಾನ ಅಸ್ತ್ರಖಾನ್ ಮೇಲ್ಗಡೆ ವೋಲ್ಗಾ ದಂಡೆಯಲ್ಲಿ ಇನ್ನೂ ನಿಂತಿದೆ. ಇನ್ನು 1943ರ ಡಿಸೆಂಬರ್ 28ರಂದು ಸ್ಟಾಲಿನ್ ಸರ್ಕಾರ 93,000ಕ್ಕೂ ಹೆಚ್ಚು ಜನರನ್ನು ಒಂದೇ ಏಟಿಗೆ ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ್ದು, 1957ರಲ್ಲಿ ವಾಪಸ್ ಬರಲು ಬಿಟ್ಟಿದ್ದು ಬೇರೆಯೇ ಕಥೆ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಬರೆಯುತ್ತೇನೆ.

ನಕ್ಷೆ ಸುಲಭ. ವೋಲ್ಗಾ ಮತ್ತು ದೋನ್ ಒಂದಕ್ಕೊಂದು ತುಂಬಾ ಹತ್ತಿರ ಬಂದು ಮತ್ತೆ ದೂರ ಹೋಗುವ ಜಾಗ ಹುಡುಕಿ. ತ್ಸಾರಿತ್ಸಿನ್ ಅಂದರೆ ಆಮೇಲಿನ ಸ್ಟಾಲಿನ್‌ಗ್ರಾದ್, ಈಗಿನ ವೋಲ್ಗೊಗ್ರಾದ್. ಅಲ್ಲಿಂದ ಪಶ್ಚಿಮಕ್ಕೆ ದೋನ್‌ವರೆಗೆ ಒಂದು ಗೆರೆ ಎಳೆಯಿರಿ, ಅದೇ ಗೋಡೆ. ಕೆಳಗೆ ಕ್ಯಾಸ್ಪಿಯನ್ ಹತ್ತಿರ ‘ಚಳಿಗಾಲ’ ಅಂತ ಬರೆಯಿರಿ, ಸರಾತೋವ್ ಹತ್ತಿರ ‘ಬೇಸಿಗೆ’ ಅಂತ ಬರೆಯಿರಿ. ಆಮೇಲೆ ಸರಾತೋವ್ ಸುತ್ತ ನೂರು ಚುಕ್ಕೆ ಇಡಿ, ಜರ್ಮನ್ ಊರುಗಳು. ಹಿಂಡು ಎಲ್ಲಿಂದ ದಾಟಬೇಕು ಅಂತ ಮಕ್ಕಳನ್ನೇ ಕೇಳಿ. ಹಿಂದಿನ ಬೆಂಚಿನಲ್ಲಿ ಕುರಿ ಸಾಕುವ ಮನೆಯ ಹುಡುಗ ಇದ್ದರೆ ಮೊದಲು ಅವನನ್ನು ಕೇಳಿ.

ಮುಂಡಗೋಡದ ಅಣ್ಣಾ, ಚಹಾಕ್ಕೆ ಬರುತ್ತೇನೆ. ಬೆಣ್ಣೆ ಜಾಸ್ತಿ ಹಾಕಲು ಹೇಳಿ.